ಅಪ್ಪ-ಅಮ್ಮನ ಜೊತೆ ವಿಸ್ಕಾನ್ಸಿನ್ ಸಪ್ಪರ್ ಕ್ಲಬ್‌ಗೆ ಹೋಗಬಹುದಾ? ಹೋಗಿ ಬಂದವರು ಹೇಳಿ

ಪ್ರಶ್ನೆ
ಶಿಕಾಗೊ ಹತ್ತಿರ ಇದ್ದೇವೆ. ಜುಲೈನಲ್ಲಿ ಅಪ್ಪ-ಅಮ್ಮ ದಾವಣಗೆರೆಯಿಂದ ಬರುತ್ತಿದ್ದಾರೆ. ವಿಸ್ಕಾನ್ಸಿನ್ ಡೆಲ್ಸ್ ಕಡೆ ಒಂದು ಪ್ರವಾಸ ಇದೆ. ಹಳೇ ಕಾಲದ ಸಪ್ಪರ್ ಕ್ಲಬ್ (ಇಲ್ಲಿನ ರಾತ್ರಿ ಊಟದ ಹೋಟೆಲು) ಒಂದನ್ನು ಅವರಿಗೆ ತೋರಿಸೋಣ ಅಂತ ನಮ್ಮ ಯಜಮಾನರ ಆಸೆ. ಅಪ್ಪ-ಅಮ್ಮ ಮೊಟ್ಟೆಯನ್ನೂ ಮುಟ್ಟದವರು. ಅಮ್ಮನಿಗೆ ಶುಕ್ರವಾರ ಒಪ್ಪತ್ತು, ಎಲ್ಲಿಗೆ ಹೋದರೂ ಬಿಡುವುದಿಲ್ಲ. ಅಪ್ಪನಿಗೆ ರಾತ್ರಿ ಏಳೂವರೆಯೊಳಗೆ ಊಟ ಮುಗಿಯಬೇಕು. ಕರೆದುಕೊಂಡು ಹೋಗಬಹುದಾ? ಯಾವ ದಿನ, ಎಲ್ಲಿಗೆ?

ಮ್ಯಾಡಿಸನ್‌ನಿಂದ
ಧಾರಾಳವಾಗಿ ಹೋಗಿ. ಊರಿಂದ ಯಾರೇ ಬಂದರೂ ನಾವು ಒಂದು ಸಂಜೆ ಇದಕ್ಕೇ ಎತ್ತಿಡುತ್ತೇವೆ. ಊಟಕ್ಕೆ ಅಂತ ಮಾತ್ರ ಹೋಗಬೇಡಿ. ಸಂಜೆಯನ್ನು ಇಲ್ಲಿನವರು ಹೇಗೆ ನಿಧಾನಕ್ಕೆ ಕಳೆಯುತ್ತಾರೆ ಅಂತ ನೋಡಲಿಕ್ಕೆ ಹೋಗಿ.

ಮೆಂಬರ್‌ಶಿಪ್ ಏನೂ ಬೇಕಿಲ್ಲ. ಊರಾಚೆ, ಕೆರೆ ದಂಡೆಯಲ್ಲೋ ಕೌಂಟಿ ರಸ್ತೆ ಪಕ್ಕದಲ್ಲೋ ಒಂದು ಹಳೇ ಕಟ್ಟಡ, ಮುಂದೆ ನಿಯಾನ್ ಬೋರ್ಡು. ಬಹಳಷ್ಟು ಕಡೆ ಒಂದೇ ಮನೆಯವರು ನಡೆಸುತ್ತಾರೆ. 1933ರಲ್ಲಿ ಪಾನನಿಷೇಧ ಹೋದ ಮೇಲೆ ಇಂಥ ಜಾಗಗಳಿಗೆ ಕಳೆ ಬಂತು. ಹೋದ ಕೂಡಲೇ ಟೇಬಲ್‌ಗೆ ಕೂರಿಸುವುದಿಲ್ಲ. ಮೊದಲು ಬಾರ್. ಅಲ್ಲಿ ಏನಾದರೂ ಕುಡಿಯುತ್ತಾ ಹರಟಬೇಕು. ಎಷ್ಟೋ ಕಡೆ ಊಟದ ಆರ್ಡರನ್ನೂ ಅಲ್ಲೇ ಬರೆದುಕೊಂಡು, ಟೇಬಲ್ ಸಿದ್ಧವಾದಾಗ ಕರೆಯುತ್ತಾರೆ. ಬಾರಿನಲ್ಲಿ ಅಪ್ಪ-ಅಮ್ಮನ್ನ ಹೇಗೆ ಕೂರಿಸೋದು ಅಂತ ಮುಜುಗರ ಬೇಡ. ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಅಲ್ಲೇ ಇರುತ್ತಾರೆ.

ನಿಮ್ಮ ಯಜಮಾನರು ಕುಡಿಯೋರಾದರೆ ಬ್ರಾಂಡಿ ಓಲ್ಡ್ ಫ್ಯಾಷನ್ಡ್ ಕೇಳಲಿ. ಬೇರೆ ರಾಜ್ಯಗಳಲ್ಲಿ ಇದಕ್ಕೆ ವಿಸ್ಕಿ ಹಾಕುತ್ತಾರೆ, ಇಲ್ಲಿ ಬ್ರಾಂಡಿ. ಮಾಡೋದನ್ನು ನೋಡಲಿಕ್ಕೇ ಚೆಂದ. ಗ್ಲಾಸಿನ ತಳಕ್ಕೆ ಸಕ್ಕರೆ ತುಂಡು, ಅದರ ಮೇಲೆ ಒಂದೆರಡು ಸಲ ಬಿಟರ್ಸ್ ಅನ್ನೋ ಕಹಿ ಸಾರ ಚಿಮುಕಿಸಿ, ಕಿತ್ತಳೆ ಹೋಳು, ಚೆರಿ ಹಾಕಿ ಮರದ ಕೋಲಿನಿಂದ ಜಜ್ಜುತ್ತಾರೆ. ಆಮೇಲೆ ಐಸು, ಬ್ರಾಂಡಿ. ಸ್ವೀಟಾ, ಸವರಾ, ಪ್ರೆಸ್ಸಾ ಅಂತ ಕೇಳುತ್ತಾರೆ. ಸ್ವೀಟ್ ಅಂದರೆ ಮೇಲೆ ಸೆವೆನ್ ಅಪ್. ಸವರ್ ಅಂದರೆ ಹುಳಿ ಸೋಡಾ. ಪ್ರೆಸ್ ಅಂದರೆ ಅರ್ಧ ಸೆವೆನ್ ಅಪ್, ಅರ್ಧ ಬರೀ ಸೋಡಾ. ಕುಡಿಯದವರಿಗೆ ಕಿಡ್ಡಿ ಕಾಕ್‌ಟೇಲ್ ಇದೆ: ಸೆವೆನ್ ಅಪ್‌ಗೆ ಕೆಂಪು ಗ್ರೆನಡೀನ್ ಸಿರಪ್ಪು, ಮೇಲೊಂದು ಚೆರಿ. ಹೆಸರಿಗೆ ಮಕ್ಕಳದ್ದು. ನಮ್ಮತ್ತೆ ಕುಡಿದು ಇನ್ನೊಂದು ತರಿಸಿದರು.

ಹಳೇ ಪದ್ಧತಿ ಉಳಿಸಿಕೊಂಡಿರೋ ಕಡೆ ಮೊದಲು ರೆಲಿಷ್ ಟ್ರೇ ಬರುತ್ತೆ. ಕ್ಯಾರೆಟ್, ಸೆಲೆರಿ, ಮೂಲಂಗಿ, ಆಲಿವ್, ಬಟ್ಟಲಲ್ಲಿ ಚೀಸ್ ಸ್ಪ್ರೆಡ್, ಪಕ್ಕದಲ್ಲಿ ಕ್ರ್ಯಾಕರ್. ನಮ್ಮಲ್ಲಿ ಎಲೆಗೆ ಮೊದಲು ಉಪ್ಪು, ಕೋಸಂಬರಿ ಬಿದ್ದ ಹಾಗೆ. ಈಗ ತುಂಬಾ ಕಡೆ ನಿಲ್ಲಿಸಿಬಿಟ್ಟಿದ್ದಾರೆ, ಅದಕ್ಕೇ ಫೋನ್ ಮಾಡಿ ಕೇಳಿಕೊಂಡು ಹೋಗಿ.

ದಿನದ ವಿಷಯ. ಸಾಮಾನ್ಯವಾಗಿ ಶುಕ್ರವಾರ ಮೀನು, ಶನಿವಾರ ಪ್ರೈಮ್ ರಿಬ್ ಅನ್ನೋ ದನದ ಮಾಂಸ, ಭಾನುವಾರ ಕೋಳಿ. ಮೂರೂ ದಿನ ಅಡುಗೆಮನೆಯವರಿಗೆ ಉಸಿರಾಡಲಿಕ್ಕೆ ಪುರುಸೊತ್ತಿರಲ್ಲ, ನಿಮ್ಮ ‘ಇದು ಹಾಕಬೇಡಿ, ಅದು ಬೇಡ’ ಯಾರು ಕೇಳ್ತಾರೆ? ಸೋಮವಾರ ಎಷ್ಟೋ ಕಡೆ ರಜ. ಬುಧವಾರ, ಗುರುವಾರ ವಾಸಿ. ಅಪ್ಪನ ಏಳೂವರೆ ಚಿಂತೆ ಬಿಡಿ. ಬಾರ್ ನಾಲ್ಕು, ನಾಲ್ಕೂವರೆಗೇ ತೆಗೆಯುತ್ತೆ. ಇಲ್ಲಿನ ಹಿರಿಯರು ಐದಕ್ಕೆಲ್ಲ ಊಟಕ್ಕೆ ಕೂತುಬಿಡುತ್ತಾರೆ.

ಜಾಗ ಅಂದರೆ ನನ್ನ ಓಟು ಇಷ್ನಾಲಾಗೆ. ಡೆಲ್ಸ್ ಪಕ್ಕದ ಲೇಕ್ ಡೆಲ್ಟನ್‌ನಲ್ಲಿ, ಮಿರರ್ ಲೇಕ್ ದಂಡೆಯಲ್ಲಿದೆ. 1953ರಲ್ಲಿ ಶುರುವಾಗಿದ್ದು. ಪೈನ್ ಮರಗಳನ್ನು ಕಡಿಯದೆ ಸುತ್ತ ಕಟ್ಟಿದ್ದಾರೆ, ಬುಡ ಒಳಗೆ, ತಲೆ ಛಾವಣಿ ಮೇಲೆ. ಚಳಿಗಾಲದಲ್ಲಿ ಮುಚ್ಚಿರುತ್ತೆ, ಜುಲೈನಲ್ಲಿ ತೊಂದರೆ ಇಲ್ಲ. ಟೇಬಲ್ ಮೊದಲೇ ಕಾದಿರಿಸುವ ಹಾಗಿಲ್ಲ. ಬಾಗಿಲು ತೆಗೆಯೋ ಮುಂಚೆಯೇ ಅಲ್ಲಿರಿ.

ಮಿಲ್ವಾಕಿಯಿಂದ
ಮೇಲಿನವರು ಹೇಳಿದ್ದು ಸರಿ, ಆದರೆ ಮೊಟ್ಟೆಯೂ ಇಲ್ಲ ಅಂದರೆ ಇನ್ನೂ ಸ್ವಲ್ಪ ಹುಷಾರಾಗಿರಬೇಕು. ಸೂಪ್ ತರಕಾರಿಯದ್ದೇ ಅಂದರೂ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಹುರುಳಿಕಾಯಿ ಪಲ್ಯದಲ್ಲಿ ಬೇಕನ್ (ಹಂದಿಮಾಂಸ) ಚೂರು ಸಿಗುತ್ತೆ. ಕೋಲ್‌ಸ್ಲಾ ಅನ್ನೋ ಎಲೆಕೋಸಿನ ಸಲಾಡ್‌ಗೆ ಮೇಯನೇಸ್, ಅದರಲ್ಲಿ ಮೊಟ್ಟೆ. ಆಲೂಗಡ್ಡೆ ಪ್ಯಾನ್‌ಕೇಕಿಗೂ ಮೊಟ್ಟೆ. ಚೀಸ್ ಕರ್ಡ್ಸ್ (ಹಿಟ್ಟಲ್ಲಿ ಅದ್ದಿ ಕರಿದ ಚೀಸ್ ತುಂಡು) ನೋಡಿ ಬಜ್ಜಿ ಅಂತ ಖುಷಿಪಡಬೇಡಿ. ಹಿಟ್ಟಿಗೆ ಬಿಯರ್ ಹಾಕಿರಬಹುದು, ಮೀನು ಕರಿದ ಎಣ್ಣೆಯಲ್ಲೇ ಕರಿದಿರಬಹುದು. ಫ್ರೆಂಚ್ ಫ್ರೈಸ್ ಕತೆಯೂ ಅದೇ. ಹ್ಯಾಶ್ ಬ್ರೌನ್ (ತುರಿದು ಹುರಿದ ಆಲೂಗಡ್ಡೆ) ಆದರೆ ಅದೇ ಕಾವಲಿಯಲ್ಲಿ ಮಾಂಸ ಬೇಯಿಸ್ತೀರಾ ಅಂತ ಕೇಳಿ.

ಹಾಗಾದರೆ ಉಳಿದಿದ್ದೇನು? ಇಡೀ ಬೇಕ್ ಮಾಡಿದ ಆಲೂಗಡ್ಡೆ, ಬೆಣ್ಣೆ, ಸವರ್ ಕ್ರೀಮ್. ಬೇಕನ್ ಬೇಡ ಅಂತ ಒತ್ತಿ ಹೇಳಿ ಸಲಾಡ್, ಅದಕ್ಕೆ ಎಣ್ಣೆ-ವಿನೆಗರ್. ಬ್ರೆಡ್ಡು. ಚೀಸ್‌ನಲ್ಲಿ ಹಾಲು ಗಟ್ಟಿಯಾಗಿಸಲು ಹಾಕುವ, ಕರುವಿನ ಹೊಟ್ಟೆಯ ರೆನೆಟ್ ಇರಬಹುದು, ಅದನ್ನೂ ನೋಡೋರಾದರೆ ಸ್ಪ್ರೆಡ್ ಬಿಡಿ. ಊಟ ಆದ ಮೇಲೆ ಗ್ರಾಸ್‌ಹಾಪರ್ ಅಂತ ಐಸ್‌ಕ್ರೀಮಿನ ಡ್ರಿಂಕ್ ಇರುತ್ತೆ, ಪುದೀನ ಘಮದ್ದು, ಹಸಿರು ಬಣ್ಣ. ಅದರಲ್ಲಿ ಮದ್ಯ ಇದೆ, ನೋಡಿ ಮಿಲ್ಕ್‌ಶೇಕ್ ಅಂದುಕೊಳ್ಳಬೇಡಿ. ದಾರಿಯಲ್ಲಿ ಎಲ್ಲೆಲ್ಲೂ ಸಿಗುವ ಫ್ರೋಜನ್ ಕಸ್ಟರ್ಡ್‌ಗೂ ಮೊಟ್ಟೆಯ ಹಳದಿ ಹಾಕುತ್ತಾರೆ. ಅಪ್ಪ-ಅಮ್ಮಂಗೆ ಮಧ್ಯಾಹ್ನವೇ ಹೊಟ್ಟೆ ತುಂಬಾ ಊಟ ಹಾಕಿಬಿಡಿ. ಪೆವಾಕಿಯ ಹಿಂದೂ ದೇವಸ್ಥಾನಕ್ಕೂ ಹೋಗೋದಾದರೆ ಬೆಳಿಗ್ಗೆಯೇ ಮುಗಿಸಿಕೊಳ್ಳಿ.

ಶೆಬಾಯ್ಗನ್‌ನಿಂದ
ನನ್ನ ಗಂಡ ಇಲ್ಲಿಯವರೇ, ಜರ್ಮನ್ ಮೂಲದ ಕ್ಯಾಥೊಲಿಕ್ ಮನೆತನ. ಶುಕ್ರವಾರ ಬೇಡ ಅಂತ ಎಲ್ಲರೂ ಹೇಳ್ತಿದ್ದೀರಿ. ನನಗೆ ಬೇರೆ ಅನಿಸುತ್ತೆ. ಸಪ್ಪರ್ ಕ್ಲಬ್ಬಿನ ಜೀವ ಇರೋದೇ ಶುಕ್ರವಾರ. ಕ್ಯಾಥೊಲಿಕ್ಕರು ಶುಕ್ರವಾರ ಮಾಂಸ ತಿನ್ನುತ್ತಿರಲಿಲ್ಲ, ಅದಕ್ಕೇ ಮೀನು. 1966ರಲ್ಲಿ ಇಲ್ಲಿನ ಬಿಷಪ್ಪರು ಆ ನೇಮ ಸಡಿಲಿಸಿದರು. ಆದರೂ ಜನ ಬಿಡಲಿಲ್ಲ. ನಮ್ಮ ಮಾವ ಹೊರರಾಜ್ಯಕ್ಕೆ ಹೋದರೂ ಶುಕ್ರವಾರ ಸಂಜೆ ಕರಿದ ಮೀನು, ರೈ ಬ್ರೆಡ್ ಹುಡುಕಿಕೊಂಡು ಅಲೆಯುತ್ತಾರೆ. ಸಿಗದಿದ್ದರೆ ಗೊಣಗುತ್ತಲೇ ಇನ್ನೇನೋ ತಿನ್ನುತ್ತಾರೆ, ಮಾಂಸ ಮಾತ್ರ ಮುಟ್ಟಲ್ಲ. ನಮ್ಮಮ್ಮ ಬಂದಾಗ ಇದನ್ನು ಬಿಡಿಸಿ ಹೇಳಿದೆ. ‘ಓ, ಅವರದ್ದೂ ವಾರದ ನೇಮವಾ’ ಅಂದರು, ಅಷ್ಟೇ. ಆಮೇಲೆ ಮಾವನ ತಟ್ಟೆ ನೋಡಿ ಮುಖ ಸಿಂಡರಿಸಲಿಲ್ಲ.

ಅಮ್ಮನ ಒಪ್ಪತ್ತಿಗೂ ತೊಂದರೆ ಇಲ್ಲ. ಮಧ್ಯಾಹ್ನ ಊಟ ಮುಗಿಸಿರುತ್ತಾರೆ, ಸಂಜೆ ಹಣ್ಣಿನ ರಸ ಹಿಡಿದು ಕೂತರಾಯಿತು. ಬಡಿಸುವವರು ಮಾತ್ರ ‘ಏನೂ ಬೇಡವಾ?’ ಅಂತ ಮತ್ತೆ ಮತ್ತೆ ಬರುತ್ತಾರೆ. ಇವತ್ತು ಉಪವಾಸ ಅಂತ ಹೇಳಿಬಿಡಿ, ಇಲ್ಲಿನವರಿಗೆ ಅದು ಹೊಸದೇನಲ್ಲ. ಗದ್ದಲ ಇರುತ್ತೆ, ಮೀನಿನ ವಾಸನೆಯೂ ಇರುತ್ತೆ. ಅದು ಆಗದವರಾದರೆ ಗುರುವಾರವೇ ಸರಿ.

ಕೆನೋಶಾದಿಂದ
ಜೇಬಲ್ಲಿ ಸ್ವಲ್ಪ ಕ್ಯಾಶ್ ಇಟ್ಟುಕೊಳ್ಳಿ, ಒಳನಾಡಿನ ಕೆಲವು ಹಳೇ ಕಡೆ ಕಾರ್ಡ್ ನಡೆಯಲ್ಲ. ಟಿಪ್ಸ್ ನೂರಕ್ಕೆ ಇಪ್ಪತ್ತು. ಸೂಟು ಬೂಟು ಏನೂ ಬೇಡ, ಇಲ್ಲಿನ ಫುಟ್‌ಬಾಲ್ ತಂಡ ಪ್ಯಾಕರ್ಸ್ ಜೆರ್ಸಿಯಲ್ಲೂ ಜನ ಬಂದಿರುತ್ತಾರೆ. ಅಮ್ಮ ಸೀರೆಯಲ್ಲೇ ಬರಲಿ. ಒಳಗೆ ಎಸಿ ಜೋರು, ಶಾಲು ಮರೆಯಬೇಡಿ.

ಕೇಳಿದವರಿಂದ
ಎಲ್ಲರಿಗೂ ಥ್ಯಾಂಕ್ಸ್. ಗುರುವಾರ ಇಷ್ನಾಲಾ ಅಂತ ಗೊತ್ತು ಮಾಡಿದೆವು. ಅಪ್ಪ ಈಗಲೇ ಫೋನಿನಲ್ಲಿ ಕೇಳುತ್ತಿದ್ದಾರೆ, ಡಬ್ಬಿಯಲ್ಲಿ ಮೊಸರನ್ನ ತಗೊಂಡು ಒಳಗೆ ಹೋಗಬಹುದಾ ಅಂತ.

ಮ್ಯಾಡಿಸನ್‌ನಿಂದ
ಒಳಗೆ ಬೇಡ. ಐಸ್ ಹಾಕಿದ ಕೂಲರಿನಲ್ಲಿಟ್ಟು ಕಾರಲ್ಲೇ ಬಿಡಿ, ರೂಮಿಗೆ ಹೋದ ಮೇಲೆ ಕೊಡಿ. ಉಪ್ಪಿನಕಾಯಿನೂ ಇರಲಿ.