ಚೆಸ್ ರೂಕ್ ಎಂಡ್‌ಗೇಮ್: ಎಂಜಿನ್ 0.7 ಅಂದ್ರೆ ಗೆಲುವಾ, ಡ್ರಾನಾ?

ಪ್ರಶ್ನೆ, ಹಾಸನದಿಂದ: ಬಿಳಿಗೆ ರೂಕ್ (ಆನೆ), ಇ-ಎಫ್-ಜಿ-ಎಚ್ ಸಾಲುಗಳಲ್ಲಿ ನಾಲ್ಕು ಪಾನ್ (ಕಾಲಾಳು). ಕಪ್ಪಿಗೆ ರೂಕ್, ಎಫ್7, ಜಿ6, ಎಚ್5ರಲ್ಲಿ ಮೂರು. ಚೆಸ್ ಎಂಜಿನ್ ಸ್ಟಾಕ್‌ಫಿಶ್ ಒಮ್ಮೆ 0.5, ಒಮ್ಮೆ 0.8 ಅನ್ನುತ್ತೆ, ಡೆಪ್ತ್ (ಎಷ್ಟು ಆಳ ಮುಂದೆ ನೋಡುತ್ತೆ ಅನ್ನೋದು) 45 ದಾಟಿದರೂ ಒಂದು ಕಡೆ ನಿಲ್ಲಲ್ಲ. ಶನಿವಾರ ಮಕ್ಕಳಿಗೆ ವಿವರಿಸಬೇಕು. ಖಚಿತ ಮಾಡಿಕೊಳ್ಳೋದು ಹೇಗೆ?

ಚಿಕ್ಕಮಗಳೂರು: ಸರ್, ಮೊದಲು ಆ ಅಂಕಿ ಬಿಡಿ. ಸ್ಟಾಕ್‌ಫಿಶ್ 15.1ರಿಂದೀಚೆಗೆ 1.00 ಅಂದರೆ ಒಂದು ಪಾನ್ ಹೆಚ್ಚು ಅಂತಲ್ಲ. ಎಂಜಿನ್ ತನ್ನ ಜೊತೆ ತಾನೇ ಆಡಿದರೆ ಗೆಲ್ಲುವ ಸಾಧ್ಯತೆ ಶೇ. 50 ಅಂತ. 0.7ರ ಆಸುಪಾಸಲ್ಲೇ ತೂಗಾಡ್ತಿದ್ದರೆ ಡ್ರಾ ಅಂತಲೇ ಶುರು ಮಾಡಿ. ನೀವು ಕೊಟ್ಟ ಕಪ್ಪಿನ ಜೋಡಣೆ ಹಳೇ ಡ್ರಾ ಜೋಡಣೆಯೇ. ಎಚ್5 ಆಗೋಕೆ ಮುಂಚೆ ಬಿಳಿ ಜಿ4 ತಳ್ಳಿಬಿಟ್ಟಿದ್ದರೆ ಕಪ್ಪಿಗೆ ಉಸಿರುಗಟ್ಟುತ್ತೆ.

ರಾಜರೂ ಸೇರಿ ನಿಮ್ಮದು 11 ಕಾಯಿ, ಟೇಬಲ್‌ಬೇಸ್ (ಕಡಿಮೆ ಕಾಯಿಗಳ ಎಲ್ಲಾ ಸ್ಥಾನಗಳಿಗೂ ಸರಿಯುತ್ತರ ಲೆಕ್ಕ ಹಾಕಿಟ್ಟ ಕೋಶ) ಪೂರ್ತಿಯಾಗಿ ಇರೋದು 7ರವರೆಗೆ. ಹಾಗಾಗಿ ಪಾನ್ ಹೊಡೆದಾಟಗಳನ್ನು ನೀವೇ ಕೈಯಾರೆ ಆಡಿಸಿ. ಎರಡು ಜೊತೆ ಹೋದರೆ 2ಕ್ಕೆ 1 ಪಾನ್, ಒಟ್ಟು ಸರಿಯಾಗಿ 7 ಕಾಯಿ. ಅಲ್ಲಿ ಲಿಚೆಸ್ ವೆಬ್‌ಸೈಟಿನ ಅನಾಲಿಸಿಸ್ ಬೋರ್ಡಲ್ಲಿ ಪುಸ್ತಕದ ಗುರುತು ಒತ್ತಿ. ಪ್ರತಿ ನಡೆಗೂ ಗೆಲುವು, ಡ್ರಾ, ಸೋಲು ಬರುತ್ತೆ. ಡ್ರಾ ಉಳಿಸೋ ನಡೆ ಎಷ್ಟಿವೆ ಎಣಿಸಿ. ಒಂದೇ ಇದ್ದರೆ ಪಾಠ ಅಲ್ಲಿದೆ. ಅಲ್ಲಿಂದ ಒಂದೊಂದೇ ನಡೆ ಹಿಂದೆ ಬನ್ನಿ, ಎಂಜಿನ್ ಸಾಲುಗಳನ್ನು (ಅದು ಒಟ್ಟಿಗೆ ತೋರಿಸುವ ಒಳ್ಳೇ ನಡೆಗಳ ಸಂಖ್ಯೆ) 3 ಅಥವಾ 4ಕ್ಕೆ ಇಟ್ಟುಕೊಂಡು.

ರೂಕ್‌ಗಳು ಹೋದರೆ ಏನಾಗುತ್ತೆ ಅಂತಲೂ ಬೇರೆಯಾಗಿ ನೋಡಿ. ಬರೀ ಪಾನ್‌ಗಳ 4ಕ್ಕೆ 3 ಸಾಮಾನ್ಯವಾಗಿ ಬಿಳಿಯದೇ. ಕಪ್ಪು ಎಡವೋದು ಬಹುತೇಕ ಇಲ್ಲೇ.

ಸಕಲೇಶಪುರ: ನಮ್ಮ ಕಡೆ ತೋಟದಲ್ಲಿ ನೆಟ್ ನಂಬೋ ಹಾಗಿಲ್ಲ. ಸಿಜಿಗಿ ಅನ್ನೋ ಟೇಬಲ್‌ಬೇಸಿನ ಫೈಲ್‌ಗಳನ್ನೇ ಇಳಿಸಿಕೊಳ್ಳಿ: 5 ಕಾಯಿವರೆಗೆ ಸುಮಾರು 1 ಜಿಬಿ, 6ಕ್ಕೆ ಸುಮಾರು 150 ಜಿಬಿ. 7ರದ್ದು 16 ಟಿಬಿ ಮೀರುತ್ತೆ, ಮನೆಯಲ್ಲಿ ಮರೆತುಬಿಡಿ. ಡಬ್ಲ್ಯುಡಿಎಲ್ (ಗೆಲುವು-ಡ್ರಾ-ಸೋಲು ಹೇಳುವ) ಫೈಲ್‌ಗಳು ಎಸ್‌ಎಸ್‌ಡಿಯಲ್ಲಿರಲಿ, ಹುಡುಕಾಟದುದ್ದಕ್ಕೂ ಎಂಜಿನ್ ಅವನ್ನೇ ಕೆದಕುತ್ತೆ. ಡಿಟಿಜೆಡ್ (ಮುಂದಿನ ಹೊಡೆತ ಅಥವಾ ಪಾನ್ ನಡೆಗೆ ಎಷ್ಟು ದೂರ ಅಂತ ಹೇಳುವ) ಫೈಲ್‌ಗಳು ಹಳೇ ಹಾರ್ಡ್‌ಡಿಸ್ಕಲ್ಲಿದ್ದರೂ ಸಾಕು. ಎಂಜಿನ್ ಸೆಟ್ಟಿಂಗ್‌ನ ಸಿಜಿಗಿಪಾತ್‌ನಲ್ಲಿ ಎರಡು ಫೋಲ್ಡರ್ ಕೊಡುವಾಗ ವಿಂಡೋಸ್‌ನಲ್ಲಿ ನಡುವೆ ಅರ್ಧವಿರಾಮ, ಲಿನಕ್ಸ್‌ನಲ್ಲಿ ಕೋಲನ್. 5ರವರೆಗಿನ ಸೆಟ್ ಪೂರ್ತಿ ಸಿಕ್ಕಿದ್ದರೆ ಎಂಜಿನ್ ಸಂದೇಶದಲ್ಲಿ 145 ಟೇಬಲ್ ಅಂತ ಬರಬೇಕು. ಕಡಿಮೆ ಬಂದರೆ ಫೈಲ್ ಬಿಟ್ಟುಹೋಗಿದೆ.

ಅರಸೀಕೆರೆ: ಟೇಬಲ್‌ಬೇಸಿನ ಮೊದಲ ನಡೆಯನ್ನೇ ಮಕ್ಕಳಿಗೆ ತೋರಿಸಬೇಡಿ ಸರ್. ಸಿಜಿಗಿ ಎಣಿಸೋದು ಮೇಟ್‌ವರೆಗಲ್ಲ. 50 ನಡೆ ನಿಯಮಕ್ಕಾಗಿ (ಹೊಡೆತವೂ ಪಾನ್ ನಡೆಯೂ ಇಲ್ಲದೆ 50 ನಡೆಯಾದರೆ ಡ್ರಾ ಕೇಳಬಹುದು), ಮುಂದಿನ ಹೊಡೆತ ಅಥವಾ ಪಾನ್ ನಡೆವರೆಗೆ. ಗೆಲುವು ಖಾತ್ರಿ ಅಂತಾದರೆ ಅದಕ್ಕೆ ರೂಕ್ ಕೊಟ್ಟುಬಿಡೋದೂ ಒಂದೇ, ನಿಧಾನವಾಗಿ ಗೆಲ್ಲೋದೂ ಒಂದೇ. ಗೆಲ್ಲೋ ನಡೆಗಳಲ್ಲಿ ಮನುಷ್ಯರು ಆಡುವಂಥದ್ದನ್ನು ನೀವೇ ಆರಿಸಿ.

ಕಡೂರು: ಸ್ಥಾನ ಹಾಕುವಾಗ ಕ್ಯಾಸ್ಲಿಂಗ್ ಟಿಕ್ ಎಲ್ಲಾ ತೆಗೀರಿ, ಇದ್ದರೆ ಟೇಬಲ್‌ಬೇಸ್ ಉತ್ತರ ಕೊಡಲ್ಲ. ಆಮೇಲೆ ನಡೆ ಯಾರದ್ದು ಅನ್ನೋದನ್ನು ಒಮ್ಮೆ ತಿರುಗಿಸಿ ನೋಡಿ. ಬಿಳಿಯ ನಡೆಯಾದರೆ ಡ್ರಾ, ಕಪ್ಪಿನದಾದರೆ ಬಿಳಿಗೆ ಗೆಲುವು ಅಂತ ಬಂದರೆ ಅದು ಜುಗ್‌ಜ್ವಾಂಗ್, ಅಂದರೆ ನಡೆ ಆಡಲೇಬೇಕಾದ್ದರಿಂದಲೇ ಕೆಡುವ ಸ್ಥಾನ. ಆ ಸ್ಥಾನವನ್ನು ಬೇರೆಯಾಗಿ ಸೇವ್ ಮಾಡಿಡಿ.