ಹಳೇ ಮರದ ರೈಲುಗಾಡಿಗೆ ‘ನವೀಕರಣ’ವೋ, ‘ಜೀರ್ಣೋದ್ಧಾರ’ವೋ?

ಗೆಳೆಯರೇ,

ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ ಹಳೇ ಮರದ ರೈಲುಗಾಡಿಗಳನ್ನು ಮತ್ತೆ ಹಳಿಗೆ ತರುತ್ತಿರುವವರ ಬಗ್ಗೆ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಆ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವಲ್ಲಿ ನಿಂತಿದ್ದೇನೆ. ಸುಮ್ನೆ ಒಂದು ಪದ ಹಾಕಿ ಮುಂದೆ ಹೋಗಲು ಮನಸ್ಸಿಲ್ಲ.

ಕೆಲಸ ಎಂಥದು ಅಂತ ಮೊದಲು ಹೇಳುತ್ತೇನೆ. ದೊಡ್ಡ ರೈಲು ಕಂಪನಿಗಳು ಬಳಸಿ ಬಿಟ್ಟ ಗಾಡಿಗಳೇ ಆ ದ್ವೀಪಕ್ಕೆ ಜಾಸ್ತಿ ಬರುತ್ತಿದ್ದವು. ಅಲ್ಲೂ ಓಡಿ ಸವೆದ ಮೇಲೆ ಗಾಲಿ, ಕಬ್ಬಿಣ ಎಲ್ಲ ಕಳಚಿಕೊಂಡು, ಮೇಲಿನ ಮರದ ಭಾಗವನ್ನಷ್ಟೇ ಮಾರಿಬಿಡುತ್ತಿದ್ದರು. ಕೊಂಡವರು ಅದನ್ನು ಮನೆ ಮಾಡಿಕೊಂಡರು, ಸಮುದ್ರದ ದಂಡೆಯಲ್ಲಿ ರಜೆಯ ಬಿಡಾರ ಮಾಡಿಕೊಂಡರು, ತೋಟದ ಸಾಮಾನು ತುಂಬಿದರು. ಮೇಲೊಂದು ಸೂರು ಹಾಕಿಕೊಂಡಿದ್ದರಿಂದಲೇ ಎಷ್ಟೋ ಗಾಡಿಗಳು ಮಳೆಗೆ ಸಿಗದೆ ಉಳಿದವು. 1966ರಲ್ಲಿ ದ್ವೀಪದ ರೈಡ್–ಕೌಸ್ ರೈಲುಮಾರ್ಗ ಮುಚ್ಚಿತು. 1971ರಲ್ಲಿ ರೈಲುಪ್ರಿಯರು ಆ ಮಾರ್ಗದ ಹೇವನ್‌ಸ್ಟ್ರೀಟ್ ನಿಲ್ದಾಣದಲ್ಲಿ ನೆಲೆ ನಿಂತರು. ಹಾಗೆ ಮಾರಿಹೋಗಿದ್ದ ಮರದ ಒಡಲುಗಳನ್ನು ಹುಡುಕಿ, ಕ್ರೇನಿನಲ್ಲಿ ಎತ್ತಿಸಿ ತಂದು, ಮತ್ತೆ ಜನ ಕೂತು ಹೋಗುವ ಗಾಡಿ ಮಾಡುತ್ತಾ ಬಂದಿದ್ದಾರೆ.

ಮರ ಹಾಳಾಗುವುದು ಹೆಚ್ಚಾಗಿ ಬುಡದಲ್ಲಿ. ಹೊರಗಿನ ಹಲಗೆಯ ಮೇಲೆ ಇಳಿದ ನೀರು ಹಲಗೆಗಳ ಸಂದು ಮುಚ್ಚುವ ತೆಳು ಮರದ ಪಟ್ಟಿಯ (ಬೀಡಿಂಗ್) ಹಿಂದೆ ಸೇರಿಕೊಂಡು, ಕೆಳಗಿನ ತೊಲೆಯಲ್ಲಿ ನಿಲ್ಲುತ್ತದೆ. ತೊಲೆ ಕೊಳೆತು ಕುಂಬಾಗುತ್ತದೆ. ಆಗ ಇಡೀ ತೊಲೆ ಬದಲಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಅಲ್ವಾ? ಮನಸ್ಸಿಟ್ಟು ಮಾಡುವವರು ಹಾಗೆ ಮಾಡುವುದಿಲ್ಲ. ಕುಂಬಾದ ಕಡೆಯಷ್ಟನ್ನೇ ಓರೆಯಾಗಿ ಕೊಯ್ದು, ಅದೇ ಜಾತಿಯ ಗಟ್ಟಿ ಮರದ ತುಂಡನ್ನು ಅಷ್ಟೇ ಓರೆಯಾಗಿ ಕೆತ್ತಿ ಬೆಸೆಯುತ್ತಾರೆ. ಉಳಿದ ತೊಲೆ ನೂರು ವರ್ಷದ ಹಿಂದಿನದೇ. ಬಣ್ಣವನ್ನೂ ಪದರ ಪದರವಾಗಿ ಕೆರೆದು ನೋಡುತ್ತಾರೆ. ಅಡಿಯಲ್ಲಿ ಹಳೇ ಕಂಪನಿಯ ಬಣ್ಣ, ಗಾಡಿಯ ನಂಬರು ಸಿಕ್ಕರೆ ಅದನ್ನೇ ಮತ್ತೆ ಬರೆಸುತ್ತಾರೆ.

ಇದಕ್ಕೆ ‘ನವೀಕರಣ’ ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಬಸ್ ನಿಲ್ದಾಣದ ನವೀಕರಣ ಅಂದರೆ ಹಳೇದು ಕಿತ್ತು ಹೊಸ ಟೈಲ್ಸ್ ಹಾಕುವುದು. ಇಲ್ಲಿನ ಪಾಡೆಲ್ಲ ಹಳೇದನ್ನು ಉಳಿಸಿಕೊಳ್ಳಲಿಕ್ಕೆ. ‘ದುರಸ್ತಿ’ ಒಳ್ಳೆಯ ಮಾತೇ, ಆದರೆ ಫ್ಯಾನು ತಿರುಗಿದರೆ ದುರಸ್ತಿ ಆಯಿತು, ಯಾವ ಬಿಡಿಭಾಗ ಹಾಕಿದರು ಅಂತ ಯಾರೂ ಕೇಳುವುದಿಲ್ಲ. ‘ಸಂರಕ್ಷಣೆ’ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಸರಿಹೊಂದುತ್ತದೆ. 1979ರಲ್ಲಿ ಶುರುವಾದ ಆ ಜಾಗದಲ್ಲಿ ಮಹಾರಾಣಿಯವರು ಪ್ರಯಾಣಕ್ಕೆ ಬಳಸುತ್ತಿದ್ದ 1899ರ ಸಲೂನ್ ಗಾಡಿ ಇದೆ. ಅದನ್ನು ಕೆಡದಂತೆ ಕಾಪಾಡಬೇಕು, ಓಡಿಸಬೇಕಿಲ್ಲ. ಹೇವನ್‌ಸ್ಟ್ರೀಟಿನ ಗಾಡಿ ಓಡಬೇಕು.

ನನಗೆ ಸರಿ ಅನ್ನಿಸುವುದು ‘ಜೀರ್ಣೋದ್ಧಾರ’. ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಅಂತ ಮತ್ತೆ ಮತ್ತೆ ಬರುತ್ತದೆ. ಗುಡಿಗೋ ಬಸದಿಗೋ ಭೂಮಿ ಬಿಡುವಾಗ, ಮುರಿದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಮಾಡಿಸಿಕೊಳ್ಳಲಿಕ್ಕೂ ಇದು ಆಗಲಿ ಅಂತ ದಾನ ಕೊಟ್ಟವರು ಬರೆಸುತ್ತಿದ್ದ ಮಾತು. ಎಲ್ಲಿ ಮುರಿದಿದೆಯೋ ಅಲ್ಲಿ ಮಾತ್ರ ಕೈ ಹಾಕುವ ಅರ್ಥ ಅದರಲ್ಲೇ ಇದೆ. ಗಾಡಿಗೆ ಆ ಪದ ಬಳಸಿದರೆ ದೇವಸ್ಥಾನ ಕಣ್ಣಿಗೆ ಬರುತ್ತದೆ ಅಂತ ಇದನ್ನು ಓದಿದ ಗೆಳತಿಯೊಬ್ಬರು ಹೇಳಿದರು. ಇರಬಹುದು. ಆದರೆ ಕೆರೆಯ ಜೀರ್ಣೋದ್ಧಾರ ಅಂತ ದಿನಾ ಪೇಪರಿನಲ್ಲಿ ಓದುತ್ತೇವಲ್ಲ. ಕೆರೆಗೆ ಒಗ್ಗಿದ ಮಾತು ರೈಲಿಗೂ ಒಗ್ಗುತ್ತದೆ. ನನ್ನ ತೊಂದರೆ ಬೇರೆ: ಮಕ್ಕಳಿಗೆ ‘ಜೀರ್ಣೋದ್ಧಾರ ಮಾಡಿದರು’ ಅಂತ ಪ್ರತಿ ಸಾಲಿನಲ್ಲೂ ಬರೆದರೆ ಭಾರವಾಗುತ್ತದೆ. ಇದೇ ಅರ್ಥ ಕೊಡುವ ಚಿಕ್ಕ ಕ್ರಿಯಾಪದ ನಿಮ್ಮ ಊರ ಕಡೆ ಇದೆಯಾ? ಹಳೇ ತೊಟ್ಟಿಮನೆಯ ಕಂಬ, ರಥದ ಗಾಲಿ ಸರಿಮಾಡುವ ಆಚಾರರು ಏನಂತಾರೆ?

ಇನ್ನೊಂದು ಪ್ರಶ್ನೆ ‘ಬೋಗಿ’ಯದ್ದು. ಇಂಗ್ಲಿಷಿನಲ್ಲಿ ಅದು ಗಾಡಿಯ ಅಡಿಯಲ್ಲಿ ತಿರುಗುವ ಗಾಲಿಗಳ ಚೌಕಟ್ಟು. ನಮಗೆ ಇಡೀ ಗಾಡಿಯೇ ಬೋಗಿ. ಅದನ್ನು ತಿದ್ದಬೇಕಿಲ್ಲ, ಅದು ಕನ್ನಡದ ಪದವೇ ಆಗಿಹೋಗಿದೆ. ಆದರೆ ಐಲ್ ಆಫ್ ವೈಟಿನಲ್ಲಿ ಉಳಿಸಿದ ಗಾಡಿಗಳಲ್ಲಿ ಹಲವು ಬರೀ ನಾಲ್ಕು ಗಾಲಿಯವು, ಅವಕ್ಕೆ ಆ ತಿರುಗುವ ಚೌಕಟ್ಟೇ ಇಲ್ಲ. ಮೂಲ ಅಡಿಭಾಗ ಕಳೆದುಹೋಗಿದ್ದರಿಂದ, ಪಾರ್ಸೆಲ್ ಸಾಗಿಸುತ್ತಿದ್ದ ಹಳೇ ವ್ಯಾನುಗಳ ಅಡಿಭಾಗದ ಮೇಲೆ ಈ ಮರದ ಒಡಲುಗಳನ್ನು ಕೂರಿಸಿದ್ದಾರೆ. ಇದನ್ನು ಹೇಳಲು ಎರಡು ಬೇರೆ ಪದ ಬೇಕೇ ಬೇಕು. ಲಾರಿಗೆ ‘ಬಾಡಿ ಕಟ್ಟಿಸುತ್ತೇವೆ’, ಕೆಳಗಿನದಕ್ಕೆ ‘ಚಾಸಿ’ ಅನ್ನುತ್ತೇವೆ. ಸದ್ಯಕ್ಕೆ ‘ಬೇರೆ ಚಾಸಿಗೆ ಹಳೇ ಬಾಡಿ ಕೂರಿಸಿದರು’ ಅಂತಲೇ ಬರೆದಿದ್ದೇನೆ. ‘ಒಡಲು’, ‘ಅಡಿಗಟ್ಟು’ ಅಂತ ಬರೆಯುವ ಆಸೆಯೂ ಇದೆ, ಆದರೆ ಅದು ಯಾರ ಬಾಯಲ್ಲೂ ಇಲ್ಲದ ಮಾತಾಗಬಾರದು.

ಹುಬ್ಬಳ್ಳಿ ಅಥವಾ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮರಗೆಲಸ ಮಾಡಿದ ಹಿರಿಯರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ದಯವಿಟ್ಟು ಕೇಳಿ ತಿಳಿಸಿ. ಮೇಲಿನದಕ್ಕೆ, ಕೆಳಗಿನದಕ್ಕೆ, ಬಾಗಿಲ ಕಿಟಕಿಯನ್ನು ಎತ್ತಿ ಇಳಿಸುವ ಚರ್ಮದ ಪಟ್ಟಿಗೆ ಅವರು ಏನನ್ನುತ್ತಿದ್ದರೋ ಆ ಮಾತನ್ನೇ ಬಳಸುತ್ತೇನೆ.