ಖಳರ ಸಂಜೆಗೆ ಮೈಕೇ ರೌಡಿ

"'ಸ್ನ್ಯಾಚ್' ಸಿನಿಮಾ ನಟರ ಜೊತೆ ಒಂದು ಸಂಜೆ ಅಂತ ಹಾಕಿದಾರೆ. ಬ್ರಾಡ್ ಪಿಟ್ ಬರ್ತಾನಾ?" ಪುಟ್ಟನ ಪ್ರಶ್ನೆ.

"ಬರ್ತಾನಪ್ಪ, ಲಂಡನ್ ಪಕ್ಕದ ಎಸೆಕ್ಸ್‌ನ ಕ್ಲಬ್ಬಿಗೆ, ಲೋಕಲ್ ರೈಲಲ್ಲಿ ನಿಂತ್ಕೊಂಡು," ಅಂದ್ರು ಗಿರಿಜಕ್ಕ. "ಪೋಸ್ಟರಲ್ಲಿ ಸಿನಿಮಾ ಹೆಸರು ದಪ್ಪಗೆ, ನಟರ ಹೆಸರು ಸಣ್ಣಗೆ ಇದ್ರೆ ತಿಳ್ಕೋಬೇಕು: ಬರೋರು ಹೀರೋಗಳಲ್ಲ, ಹೀರೋನ ಹೆದರಿಸಿದೋರು. ಹಾಗಂತ ಮೂಗು ಮುರೀಬೇಡ. ಈ ಬ್ರಿಟಿಷ್ ರೌಡಿ ಸಿನಿಮಾಗಳನ್ನ ಹೊತ್ತಿರೋದೇ ಎರಡನೇ ಸಾಲಿನ ಮುಖಗಳು. 1980ರ 'ದಿ ಲಾಂಗ್ ಗುಡ್ ಫ್ರೈಡೇ'ಯಲ್ಲಿ ರೇಜರ್ಸ್ ಆಗಿದ್ದ ಪಿ.ಎಚ್. ಮೊರಿಯಾರ್ಟಿನೇ 1998ರ 'ಲಾಕ್, ಸ್ಟಾಕ್ ಅಂಡ್ ಟೂ ಸ್ಮೋಕಿಂಗ್ ಬ್ಯಾರಲ್ಸ್'ನಲ್ಲಿ ಹ್ಯಾಚೆಟ್ ಹ್ಯಾರಿ. ಅದರಲ್ಲಿ ಕಥೆ ಹೇಳೋ ದನಿ ಅಲನ್ ಫೋರ್ಡ್ ಅವರದ್ದು. ಅವರೇ 2000ದ 'ಸ್ನ್ಯಾಚ್'ನಲ್ಲಿ ದಪ್ಪ ಕನ್ನಡಕದ ಬ್ರಿಕ್ ಟಾಪ್."

"ಓ, ಹೆಣನ ಹಂದಿಗಳಿಗೆ ಹಾಕಿ ಮಾಯ ಮಾಡೋದು ಹೇಗೆ ಅಂತ ಹೇಳ್ತಾರಲ್ಲ, ಆ ಹಂದಿ ಭಾಷಣದವರು!"

"ಅವರೇ."

ಮೂರ್ತಿಗೆ ಲೆಕ್ಕದ ಚಟ. "ಎಷ್ಟು ಜನ ನಟರು ಅಂತ ನೋಡು ಮೊದಲು. ನಾಲ್ಕು ಸರಿ. ಶೂಟಿಂಗ್ ಬಿದ್ದು ಒಬ್ಬರು ಕೈ ಕೊಟ್ರೂ ಮೂರು ಜನ ಸೋಫಾ ತುಂಬ್ತಾರೆ. ಅದಕ್ಕೇ ಟಿಕೆಟ್ ಕೆಳಗೆ ಇರುವೆ ಗಾತ್ರದಲ್ಲಿ 'ನಟರು ಬದಲಾಗಬಹುದು' ಅಂತ ಇರುತ್ತೆ. ಆರು ಜನ ಕರೆದ್ರೆ ಕೆಟ್ಟ. 90 ನಿಮಿಷದಲ್ಲಿ ನಿರೂಪಕನಿಗೆ 15 ಹೋದ್ರೆ ತಲೆಗೆ ಹನ್ನೆರಡೂವರೆ ನಿಮಿಷ. ಅದರಲ್ಲಿ ಮಾತಿನ ಮಲ್ಲ ಒಬ್ಬ 40 ನಿಮಿಷ ನುಂಗ್ತಾನೆ, ಉಳಿದೋರು ನೀರು ಕುಡೀತಾ ಕೂತಿರ್ತಾರೆ."

"ಅವರಲ್ಲಿ ನಿಜವಾದ ರೌಡಿಗಳೂ ಇದಾರಂತೆ?"

"ರೌಡಿ ಅನ್ನಬೇಡ, ಒರಟರು ಇದ್ರು," ಅಂದ ಸೀನ. "ಲೆನ್ನಿ ಮೆಕ್ಲೀನ್ ಅಂತ, ಕೈಗವಸಿಲ್ಲದೆ ಗುದ್ದಾಡ್ತಿದ್ದ ಆಸಾಮಿ, 'ಲಾಕ್, ಸ್ಟಾಕ್'ನಲ್ಲಿ ಬ್ಯಾರಿ ದಿ ಬ್ಯಾಪ್ಟಿಸ್ಟ್. ಪಾಪ, ಸಿನಿಮಾ ಬಿಡುಗಡೆಗೆ ಒಂದು ತಿಂಗಳ ಮುಂಚೆ ತೀರಿಕೊಂಡ. ನಮ್ಮಲ್ಲಿ 1995ರ 'ಓಂ'ಗೆ ಉಪೇಂದ್ರ ಅಸಲಿ ರೌಡಿಗಳನ್ನೇ ತಂದು ನಿಲ್ಲಿಸಿದ್ರಲ್ಲ, ಇಲ್ಲೂ ಅದೇ ಯೋಚನೆ. 'ಲಾಕ್, ಸ್ಟಾಕ್'ನಲ್ಲೂ 'ಸ್ನ್ಯಾಚ್'ನಲ್ಲೂ ಇರೋ ವಿನ್ನಿ ಜೋನ್ಸ್ ಅಂತೂ 1988ರಲ್ಲಿ ವಿಂಬಲ್ಡನ್ ತಂಡದಲ್ಲಿ ಎಫ್‌ಎ ಕಪ್ ಗೆದ್ದ ಫುಟ್‌ಬಾಲ್ ಆಟಗಾರ. ಒಂದು ಪಂದ್ಯದಲ್ಲಿ ಸೀಟಿ ಊದಿ ಮೂರು ಸೆಕೆಂಡಿಗೇ ಹಳದಿ ಕಾರ್ಡ್ ತಿಂದವನು."

"ಫೋಟೋ ಸಾಲಿಗೆ ಅಂಥವರೇ ಬೇಕು," ಅಂದ ಮೂರ್ತಿ. "ಅಷ್ಟು ಬೇಗ ಮುಗಿಸೋರು."

"ಫೋಟೋ ಆಮೇಲೆ. ಸಂಜೆ ಕೆಡೋದು ಮೈಕಿಂದ," ಅಂತ ಸೀನ ಕುರ್ಚಿ ಮುಂದಕ್ಕೆಳೆದ. ಇನ್ನು ಇವನನ್ನ ತಡೆಯೋರಿಲ್ಲ ಅಂತ ಎಲ್ಲರಿಗೂ ಗೊತ್ತು. "ತೆರೆ ಮೇಲೆ ಗುಡುಗೋ ಖಳ ಸೋಫಾ ಮೇಲೆ ಕೂತ್ರೆ ಪಿಸುಗುಟ್ಟುತ್ತಾನೆ. ಬಾಯಿಗೆ ಎರಡು ಬೆರಳು ದೂರ ಇರಬೇಕಾದ ಮೈಕು ಹೊಟ್ಟೆ ಮೇಲೆ ಮಲಗಿರುತ್ತೆ. ನೀನು ಸದ್ದು ಏರಿಸ್ತೀಯ, ಅದು ಕೀಂಯ್ ಅನ್ನುತ್ತೆ. ಇನ್ನೊಬ್ಬ ರ‍್ಯಾಪ್ ಹಾಡೋರ ಥರ ಜಾಲರಿನ ಅಂಗೈಲಿ ಮುಚ್ಚಿ ಹಿಡೀತಾನೆ. ಹಿಂದಿನ ಸದ್ದು ಒಳಗೆ ಬಿಡದಿರೋ ಗಾಳಿಕಿಂಡಿಗಳು ಮುಚ್ಚಿಹೋಗಿ ಮೈಕು ಎಲ್ಲ ದಿಕ್ಕಿಂದಲೂ ಎಳ್ಕೊಳ್ಳುತ್ತೆ. ಮತ್ತೆ ಕೀಂಯ್."

"ಅಂಗಿಗೆ ಸಿಕ್ಕಿಸೋ ಪುಟ್ಟ ಮೈಕು ಹಾಕಪ್ಪ."

"ಹಾಕಿ ನೋಡು. ಬಾಯಿಂದ ಒಂದು ಗೇಣು ದೂರ, ಎದುರಿಗೇ ವೇದಿಕೆಯ ಸ್ಪೀಕರು. ಇವರು ಬೇರೆ ಚರ್ಮದ ಜಾಕೆಟ್ ಗಿರಾಕಿಗಳು, ಅಲ್ಲಾಡಿದಾಗೆಲ್ಲ ಪರಪರ. ಕೈಮೈಕೇ ಗತಿ. ಒಂದು ವಿಷಯ ನೆನಪಿಟ್ಕೋ: ತೆರೆದಿರೋ ಮೈಕುಗಳ ಸಂಖ್ಯೆ ಎರಡರಷ್ಟಾದ್ರೆ, ಆ ಕೀಂಯ್ ಶುರುವಾಗೋ ಮುಂಚೆ ಸದ್ದು ಏರಿಸೋಕೆ ನಿನಗೆ ಸಿಗೋ ಅವಕಾಶ 3 ಡೆಸಿಬೆಲ್ ಕಮ್ಮಿ. ಒಂದರಿಂದ ನಾಲ್ಕಕ್ಕೆ ಹೋದ್ರೆ 6. ಅದಕ್ಕೇ ಯಾರು ಮಾತಾಡ್ತಾರೋ ಅವರದ್ದೊಂದು ಮೇಲೆ, ಉಳಿದವರದ್ದು ಕೆಳಗೆ. ಬೆರಳು ಸದ್ದು ಏರಿಸಿ ಇಳಿಸೋ ಫೇಡರ್ ಬಿಟ್ಟು ಕದಲಬಾರದು. 120 ಹರ್ಟ್ಸ್ ಕೆಳಗಿನ ದಪ್ಪ ಸದ್ದು ಕತ್ತರಿಸಿ, 2ರಿಂದ 4 ಕಿಲೋಹರ್ಟ್ಸ್ ನಡುವೆ ಚೂರು ಎತ್ತಿದ್ರೆ ಲಂಡನ್ ಪೂರ್ವದವರ ನುಂಗಿದ ವ್ಯಂಜನಗಳು ಹಿಂದಿನ ಸಾಲಿಗೂ ಮುಟ್ಟುತ್ತವೆ."

"ಮುಟ್ಟಿದ್ರೂ ಅರ್ಥ ಆಗ್ಬೇಕಲ್ಲ," ಅಂದ್ರು ಗಿರಿಜಕ್ಕ. "'ಲಾಂಗ್ ಗುಡ್ ಫ್ರೈಡೇ'ಯಲ್ಲಿ ಮುಖ್ಯ ಪಾತ್ರದ ಬಾಬ್ ಹಾಸ್ಕಿನ್ಸ್ ಮಾತು ಅಮೆರಿಕದವರಿಗೆ ತಿಳಿಯಲ್ಲ ಅಂತ ಬೇರೆಯವರ ದನಿಯಲ್ಲಿ ಡಬ್ ಮಾಡೋಕೆ ಹೊರಟಿದ್ರು. ಹಾಸ್ಕಿನ್ಸ್ ಕೋರ್ಟಿಗೆ ಹೋಗ್ತೀನಿ ಅಂದ್ರು. ಕೊನೆಗೆ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಅವರ ಕಂಪನಿ ಸಿನಿಮಾ ಕೊಂಡು ಉಳಿಸ್ತು. ಡಬ್ಬಿಂಗ್ ಜಗಳ ನಮ್ಮೂರಿನ ಗುತ್ತಿಗೆ ಅಂದ್ಕೊಂಡಿದ್ರಾ?"

ಸೀನ ಇನ್ನೂ ಮುಗಿಸಿರಲಿಲ್ಲ. ತಂತಿಯಿಲ್ಲದ ಮೈಕಿಗೆ ಬ್ರಿಟನ್ನಿನಲ್ಲಿ 606ರಿಂದ 614 ಮೆಗಾಹರ್ಟ್ಸ್ ಬಳಸಬೇಕಾದ್ರೆ ಅಲ್ಲಿನ ತರಂಗ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ಲೈಸೆನ್ಸ್ ಬೇಕು. 863ರಿಂದ 865 ಪುಕ್ಕಟೆ, ಪುಕ್ಕಟೆ ಆದ್ದರಿಂದಲೇ ಪಕ್ಕದ ಕೋಣೆಯ ಬಿಂಗೋ ಆಟದವರೂ ಅಲ್ಲೇ ಇರ್ತಾರೆ ಅಂತ ಹೇಳಿ, ಸೆಲ್ಲುಗಳನ್ನ ವಿರಾಮದಲ್ಲಿ ಬದಲಿಸಲೇಬೇಕು ಅಂತ ಸೇರಿಸಿ, ಕಾಫಿ ಕೈಗೆತ್ತಿಕೊಂಡ.

"ಈಗ ನನ್ನ ಸಾಲು," ಅಂದ ಮೂರ್ತಿ. "ವಿಐಪಿ ಟಿಕೆಟ್ ಅಂದ್ರೆ ನಟರ ಜೊತೆ ಫೋಟೋ. 150 ಜನಕ್ಕೆ ಮಾರ್ತಾರೆ. ತಲೆಗೆ 20 ಸೆಕೆಂಡ್, 50 ನಿಮಿಷದಲ್ಲಿ ಮುಗೀತು ಅಂತ ಕಾಗದದ ಲೆಕ್ಕ. ನಡೆಯೋದು ಬೇರೆ. ಕೋಟು ಬಿಚ್ಚಬೇಕು, ಚೀಲ ಇಡೋಕೆ ಜಾಗ ಹುಡುಕಬೇಕು, ಫೋನಿನ ಲಾಕ್ ತೆಗೀಬೇಕು, ಫೋನ್ ಹಿಡಿದವನ ಹೆಬ್ಬೆರಳು ಲೆನ್ಸ್ ಮೇಲೆ, 'ಇನ್ನೊಂದು ಸಲ'. ಆಯ್ತು 40 ಸೆಕೆಂಡ್, ಅಂದ್ರೆ 100 ನಿಮಿಷ. ಏಳೂವರೆ ಶೋ ಎಂಟೂಕಾಲಾದ್ರೂ ಏಳಲ್ಲ. ಸಾಮಾನ್ಯ ಟಿಕೆಟ್ಟಿನವರು ಅಷ್ಟೊತ್ತಿಗೆ ಬಾರಿನಲ್ಲಿ ಮೂರನೇ ಪೈಂಟ್ ಬಿಯರಿನಲ್ಲಿರ್ತಾರೆ."

"ಮದ್ದು?"

"ಒಬ್ಬನೇ ಫೋಟೋಗ್ರಾಫರ್, ಒಂದೇ ಕ್ಯಾಮೆರಾ, ಯಾರ ಫೋನೂ ಬೇಡ, ಚಿತ್ರ ಆಮೇಲೆ ಕಳಿಸೋದು. ಸಾಲಿನಲ್ಲಿ ಐದು ಜನ ಹಿಂದೆಯೇ ಮೇಜು ಹಾಕಿ ಕೋಟು, ಚೀಲ ಅಲ್ಲೇ ಇಡಿಸೋಕೆ ಒಬ್ಬ ಹುಡುಗ. ಅವನೊಬ್ಬನೇ ತಲೆಗೆ ಹತ್ತು ಸೆಕೆಂಡ್ ಉಳಿಸ್ತಾನೆ. ಹಿಂದಿನ ಬ್ಯಾನರ್ ಹೊಳಪಿಲ್ಲದ್ದಿರಬೇಕು, ಇಲ್ಲಾಂದ್ರೆ ಫ್ಲಾಶ್ ಬಡಿದು ಖಳನಾಯಕನ ತಲೆ ಹಿಂದೆ ಪ್ರಭಾವಳಿ ಬರುತ್ತೆ. ನಟರು ನಿಂತಿರೋದು ಬೇಡ, ಎತ್ತರದ ಸ್ಟೂಲು ಕೊಡಿ. ನೂರನೇ ಫೋಟೋಗೆ ಮಂಡಿ ನೋವಿನ ಮುಖ ನಿಜಕ್ಕೂ ಭಯಂಕರ ಇರುತ್ತೆ. ಜನ ಅದನ್ನೇ ನಟನೆ ಅಂದ್ಕೊಂಡು ಖುಷಿ ಪಡೋದೂ ಉಂಟು!"

ಹಸ್ತಾಕ್ಷರದ ಮೇಜು ಗಿರಿಜಕ್ಕನ ಇಲಾಖೆ. ಇಲ್ಲಿ 10 ಇಂಚು 8 ಇಂಚಿನ ಫೋಟೋನೇ ವಾಡಿಕೆ. ಕಪ್ಪು ಸೂಟಿನ ಚಿತ್ರಕ್ಕೆ ಕಪ್ಪು ಪೆನ್ನು ಕೊಡೋ ಜಾಣರಿರ್ತಾರೆ; ಅಲ್ಲಿಗೆ ಬೆಳ್ಳಿ ಬಣ್ಣದ್ದೇ ಬೇಕು. "ಹೊಳಪು ಕಾಗದದ ಮೇಲೆ ಬೆಳ್ಳಿ ಮಸಿ ಒಣಗೋಕೆ ಒಂದೆರಡು ನಿಮಿಷ ಬಿಡಿ. ಒಂದರ ಮೇಲೊಂದು ಪೇರಿಸಿದ್ರೋ, ವಿನ್ನಿ ಜೋನ್ಸ್ ಸಹಿ ಅಲನ್ ಫೋರ್ಡ್ ಹಣೆ ಮೇಲೆ. ಡಿವಿಡಿ ತಂದ್ರೆ ಒಳಗಿನ ಕಾಗದ ಹೊರಗೆಳೆದು ಅದರ ಮೇಲೆ ಹಾಕಿಸಿ, ಪ್ಲಾಸ್ಟಿಕ್ ಮೇಲಿನದು ಬೆರಳಿಗೆ ಅಂಟಿ ಹೋಗುತ್ತೆ. ಫುಟ್‌ಬಾಲ್ ಜೆರ್ಸಿ ಆದ್ರೆ ಒಳಗೆ ರಟ್ಟು ತೂರಿಸಿ ಬಿಗಿಯಾಗಿ ಎಳೆದು ಹಿಡೀಬೇಕು. ಹೆಸರಿನ ಕಾಗುಣಿತ ಚೀಟಿಯಲ್ಲಿ ಬರೆದು ತೋರಿಸಿ. 'ಪುಟ್ಟ' ಅಂತ ಬಾಯಲ್ಲಿ ಹೇಳಿದ್ರೆ ಅವರು 'ಪೀಟರ್' ಅಂತ ಬರೀತಾರೆ."

"ನಾನು ಅಟ್ಟದ ಮೇಲಿರೋ ಆಟದ ಶಾಟ್‌ಗನ್ ತಗೊಂಡು ಹೋಗಿ ಸಹಿ ಹಾಕಿಸ್ಲಾ? 'ಲಾಕ್, ಸ್ಟಾಕ್'ನಲ್ಲಿ ಎರಡು ಹಳೇ ಬಂದೂಕಿಗೇ ತಾನೆ ಅಷ್ಟೊಂದು ಹೆಣ ಬೀಳೋದು?"

ಮೂವರೂ ಒಟ್ಟಿಗೆ "ಬೇಡ" ಅಂದ್ರು. ಬ್ರಿಟನ್ನಿನಲ್ಲಿ ತಕ್ಕ ಕಾರಣವಿಲ್ಲದೆ ನಕಲಿ ಬಂದೂಕು ಹಿಡಿದು ಸಾರ್ವಜನಿಕ ಜಾಗಕ್ಕೆ ಹೋಗೋದೇ ಅಪರಾಧ. "ನಟರು ಕೈ ಕುಲುಕೋ ಮುಂಚೆ ಪೊಲೀಸರು ಕೈ ಹಿಡೀತಾರೆ," ಅಂದ ಮೂರ್ತಿ.

"ಸರಿ, ಸಿನಿಮಾ ತುಣುಕುಗಳನ್ನಾದ್ರೂ ದೊಡ್ಡ ತೆರೆ ಮೇಲೆ ಹಾಕ್ತಾರಾ?"

"ಕೊಂಡ ಡಿವಿಡಿ ಮನೆಯೊಳಗಿನ ಮಾತು. ಸಭಾಂಗಣಕ್ಕೆ ಹಕ್ಕುದಾರರ ಅನುಮತಿ ಬೇಕು, ಹಾಡು ಹಾಕಿದ್ರೆ ಸಂಗೀತದ ಲೈಸೆನ್ಸ್ ಬೇರೆ. ಎಷ್ಟೋ ಕಡೆ ಬರೀ ಸ್ಥಿರಚಿತ್ರ ತೋರಿಸಿ ಮುಗಿಸ್ತಾರೆ, ಅದಕ್ಕೂ ಕೇಳಿ ಹಾಕೋದೇ ಕ್ಷೇಮ."

"ಪ್ರಶ್ನೋತ್ತರ?"

ಸೀನ ಎದ್ದು ನಿಂತ. "ಸಭಿಕರ ಕೈಗೆ ಮೈಕು ಕೊಡಬಾರದು. ಓಡಾಡೋ ಹುಡುಗ ಹಿಡ್ಕೊಂಡೇ ಇರಬೇಕು. ಕೊಟ್ರೆ ವಾಪಸ್ ಬರಲ್ಲ. ಪ್ರಶ್ನೆಯ ಬದಲು ಅವನು ಇಡೀ ಹಂದಿ ಭಾಷಣ ಬೈಗುಳ ಸಮೇತ ಅಭಿನಯಿಸ್ತಾನೆ, ಅದೂ ಅದನ್ನ ಆಡಿದವರ ಎದುರಿಗೇ."

"ಅದಕ್ಕಿಂತ ಚೀಟಿ ವಾಸಿ," ಅಂದ ಮೂರ್ತಿ. "20 ನಿಮಿಷದ ವಿರಾಮದಲ್ಲಿ ಡಬ್ಬಿಯಲ್ಲಿ ಚೀಟಿ ಹಾಕಿಸಿ, ನಿರೂಪಕ ಕೂತು ಆರಿಸ್ಬೇಕು. ಒಂದೇ ಪ್ರಶ್ನೆ 30 ಚೀಟಿಯಲ್ಲಿರುತ್ತೆ: ನಿಜ ಜೀವನದಲ್ಲೂ ನೀವು ಹೀಗೇನಾ? ಅದನ್ನ ಒಂದೇ ಸಲ ಕೇಳಿ ಬದಿಗಿಡಬೇಕು. 'ಆ ದೃಶ್ಯಕ್ಕೆ ಎಷ್ಟು ಟೇಕ್ ಆಯ್ತು, ಎಲ್ಲಿ ತೆಗೆದ್ರು, ಪೆಟ್ಟು ಯಾರಿಗೆ ನಿಜವಾಗಿ ಬಿತ್ತು' ಅಂಥವು ಮೇಲಿಡಬೇಕು. ನಟರು ಬಾಯಿ ಬಿಡೋದು ಅಲ್ಲಿ."

ಪುಟ್ಟ ಫೋನ್ ತೆಗೆದ. "ಈಗ ವಿಐಪಿ ತಗೊಳ್ಲಾ, ಸಾಮಾನ್ಯದ್ದಾ?"

"ಸಾಮಾನ್ಯದ್ದು, ನಾಲ್ಕನೇ ಸಾಲು, ನಡುವಿನ ಓಣಿ ಪಕ್ಕ," ಅಂದ ಸೀನ. "ಮೊದಲ ಸಾಲಲ್ಲಿ ಬರೀ ಶೂ ಕಾಣುತ್ತೆ. ಊಟದ ದುಂಡು ಮೇಜಿನ ಕಾರ್ಯಕ್ರಮ ಆದ್ರೆ ಹತ್ತು ಜನರ ಮೇಜಲ್ಲಿ ಅರ್ಧ ಜನಕ್ಕೆ ವೇದಿಕೆ ಬೆನ್ನಿಗೆ ಬರುತ್ತೆ, ಬೇಗ ಹೋಗಿ ಎದುರು ಕುರ್ಚಿ ಹಿಡಿ."

"ಸಹಿಗೆ ವಿರಾಮದಲ್ಲಿ ಹೋಗಬೇಡ, ಅವಾಗ ಜಾತ್ರೆ," ಅಂದ್ರು ಗಿರಿಜಕ್ಕ. "ಕೊನೆಗೆ ಎಲ್ಲ ಕೋಟಿಗೆ, ಟ್ಯಾಕ್ಸಿಗೆ ಓಡ್ತಾರಲ್ಲ, ಆ ಹತ್ತು ನಿಮಿಷದಲ್ಲಿ ಹೋಗು. ಬೆಳ್ಳಿ ಪೆನ್ನು ನಿಂದೇ ಇರಲಿ. ಅಷ್ಟೊತ್ತಿಗೆ ಅವರದ್ದು ಯಾರೋ ಜೇಬಿಗಿಳಿಸಿರ್ತಾರೆ."